ಧ್ವನಿ ಮತ್ತು ಪ್ರತಿಧ್ವನಿ: ಪೋಲೆಂಡಿನ ಮಾತು, ಪಶ್ಚಿಮದ ಕಿವಿ

೧

ಆನಂದವರ್ಧನನು ಧ್ವನಿಯನ್ನು ಕಾವ್ಯದ ಆತ್ಮವೆಂದು ಪ್ರತಿಪಾದಿಸಿದ ಮೇಲೆ ಭಾರತೀಯ ಕಾವ್ಯಮೀಮಾಂಸೆಯಲ್ಲಿ ಕವಿಯ ಹೊಣೆಯೊಂದಿಗೆ ಸಹೃದಯನ ಹೊಣೆಯೂ ಹೆಚ್ಚಿತು. ವಾಚ್ಯಾರ್ಥವನ್ನು ಅರಿಯುವುದಕ್ಕೆ ಭಾಷಾಜ್ಞಾನವಿದ್ದರೆ ಸಾಕು. ವ್ಯಂಗ್ಯಾರ್ಥ ಹೊಳೆಯಬೇಕಾದರೆ ಆಡಿದವನು ಯಾರು, ಯಾರನ್ನು ಕುರಿತು ಆಡಿದನು, ಯಾವ ದೇಶಕಾಲಗಳಲ್ಲಿ ಆಡಿದನು ಎಂಬುದೂ ತಿಳಿದಿರಬೇಕು. ಇದನ್ನು ತಿಳಿಯದೆ ಕೇಳುವವನಿಗೆ ತನ್ನ ಮನಸ್ಸಿನಲ್ಲಿ ಮೊದಲೇ ಇದ್ದ ಮಾತು ಬಂಡೆಗೆ ತಾಗಿ ಮರಳಿದಂತೆ ಕೇಳಿಸುತ್ತದೆ. ಅದನ್ನು ಪ್ರತಿಧ್ವನಿ ಎನ್ನಬೇಕೇ ಹೊರತು ಧ್ವನಿಯೆನ್ನಲಾಗದು.

ಒಂದು ಪದ್ಯಕ್ಕೆ ಸಲ್ಲುವ ಈ ವಿವೇಕ ಒಂದು ಜನಾಂಗದ ಸಾಹಿತ್ಯಕ್ಕೂ ಸಲ್ಲುತ್ತದೆ. ಕಳೆದ ಇನ್ನೂರು ವರ್ಷಗಳಲ್ಲಿ ಪಶ್ಚಿಮ ಯೂರೋಪು ಮತ್ತು ಅಮೆರಿಕಗಳು ಪೋಲೆಂಡನ್ನು ಕೊಂಡಾಡಿದಷ್ಟು ಆರ್ದ್ರವಾಗಿ ಕೊಂಡಾಡಿದ ಪರದೇಶಗಳು ವಿರಳ. ಕವಿಗಳು ಅದಕ್ಕಾಗಿ ಹಾಡು ಕಟ್ಟಿದರು. ರಾಜಕಾರಣಿಗಳು ಅದರ ಹೆಸರಿನಲ್ಲಿ ಭಾಷಣ ಮಾಡಿದರು. ಚಲನಚಿತ್ರೋತ್ಸವಗಳು ಅದಕ್ಕೆ ಬಹುಮಾನವಿತ್ತವು. ಆದರೆ ಈ ಆದರದ ಒಳಗೆ ಪೋಲೆಂಡಿನ ಮಾತು ಎಷ್ಟು ಕೇಳಿಸಿತು, ಪಶ್ಚಿಮದವರ ಮನೆಜಗಳದ ಸದ್ದು ಎಷ್ಟು ಕೇಳಿಸಿತು ಎಂದು ವಿವೇಚಿಸಿದರೆ ಎರಡನೆಯದರ ಪಾಲೇ ಹೆಚ್ಚಾಗಿ ಕಾಣುತ್ತದೆ.

ಕನ್ನಡದ ಓದುಗನಿಗೆ ಈ ವಿಚಾರ ದೂರದ್ದೆಂದು ತೋರಬಹುದು. ಆದರೆ ಪೋಲಿಷ್ ಸಾಹಿತ್ಯ ಅವನ ಕೈಗೆ ಬರುವುದು ಬಹುಮಟ್ಟಿಗೆ ಇಂಗ್ಲಿಷಿನ ಮೂಲಕ. ಯಾವ ಪುಸ್ತಕ ಅನುವಾದಗೊಳ್ಳಬೇಕು, ಅದಕ್ಕೆ ಯಾವ ಬಗೆಯ ಮುನ್ನುಡಿ ಇರಬೇಕು ಎಂಬುದು ಲಂಡನ್ನಿನಲ್ಲಿಯೋ ನ್ಯೂಯಾರ್ಕಿನಲ್ಲಿಯೋ ನಿಶ್ಚಯವಾಗುತ್ತದೆ. ಹೀಗಿರುವಲ್ಲಿ ಧ್ವನಿಗಿಂತ ಮೊದಲು ಪ್ರತಿಧ್ವನಿಯೇ ಅವನ ಕಿವಿಗೆ ಬೀಳುತ್ತದೆ. ಇವೆರಡನ್ನೂ ಬೇರ್ಪಡಿಸಿಕೊಳ್ಳುವುದು ಅವನ ಪಾಲಿಗೆ ಓದಿನ ಮೊದಲ ಕೆಲಸ.

೨

ರಷ್ಯಾ, ಪ್ರಷ್ಯಾ, ಆಸ್ಟ್ರಿಯಾಗಳು ೧೭೭೨, ೧೭೯೩ ಮತ್ತು ೧೭೯೫ರಲ್ಲಿ ಪೋಲೆಂಡನ್ನು ಹಂಚಿಕೊಂಡ ಇತಿಹಾಸ ಪ್ರಸಿದ್ಧವಾದದ್ದು. ಎರಡನೆಯ ಹಂಚಿಕೆಯಲ್ಲಿ ಮಾತ್ರ ಆಸ್ಟ್ರಿಯಾಕ್ಕೆ ಪಾಲಿರಲಿಲ್ಲ. ಅಲ್ಲಿಂದ ೧೯೧೮ರವರೆಗೆ, ೧೨೩ ವರ್ಷಗಳ ಕಾಲ, ಆ ಹೆಸರಿನ ಸ್ವತಂತ್ರ ರಾಜ್ಯ ಭೂಪಟದಲ್ಲಿರಲಿಲ್ಲ. ಅಷ್ಟು ಕಾಲವೂ ಪೋಲೆಂಡ್ ಬದುಕಿದ್ದು ಭಾಷೆಯಲ್ಲಿ, ಮತಶ್ರದ್ಧೆಯಲ್ಲಿ ಮತ್ತು ಪುಸ್ತಕಗಳಲ್ಲಿ. ೧೮೩೦ರ ನವೆಂಬರಿನಲ್ಲಿ ವಾರ್ಸಾದಲ್ಲಿ ಎದ್ದ ದಂಗೆ ಮರುವರ್ಷ ಮುರಿದುಬಿದ್ದಾಗ ಸಾವಿರಾರು ಮಂದಿ ಪಶ್ಚಿಮಕ್ಕೆ, ಮುಖ್ಯವಾಗಿ ಪ್ಯಾರಿಸಿಗೆ, ವಲಸೆ ಹೋದರು. ಸಂಗೀತಗಾರ ಶೋಪ್ಯಾನ್ ಅದಾಗಲೇ ನಾಡು ಬಿಟ್ಟಿದ್ದನು. ಆದಾಮ್ ಮಿಟ್ಸ್ಕ್ಯೇವಿಚನ ಮಹಾಕಾವ್ಯ ‘ಪಾನ್ ತದೇವುಷ್’ ೧೮೩೪ರಲ್ಲಿ ಅಚ್ಚಾದುದು ಪ್ಯಾರಿಸಿನಲ್ಲಿ. ಒಂದು ಭಾಷೆಯ ಶ್ರೇಷ್ಠ ಕೃತಿ ಆ ಭಾಷೆಯನ್ನಾಡುವ ನೆಲದಿಂದ ಅಷ್ಟು ದೂರದಲ್ಲಿ ಹುಟ್ಟಿತೆಂಬುದು ನೆನಪಿನಲ್ಲಿಡತಕ್ಕ ಸಂಗತಿ.

ಆಗ ಯೂರೋಪಿನ ಉದಾರವಾದಿಗಳಿಗೆಲ್ಲ ಪೋಲೆಂಡ್ ಪ್ರಿಯವಾಯಿತು. ಲಂಡನ್ನಿನಲ್ಲಿ ಕವಿ ಟಾಮಸ್ ಕ್ಯಾಂಪ್‌ಬೆಲ್ ೧೮೩೨ರಲ್ಲಿ ಪೋಲೆಂಡಿನ ಮಿತ್ರರ ಸಾಹಿತ್ಯ ಸಂಘವನ್ನು ಸ್ಥಾಪಿಸಿದನು. ಅದೇ ವರ್ಷ ಜರ್ಮನಿಯ ಹಾಂಬಾಖ್‌ನಲ್ಲಿ ನಡೆದ ಮಹಾಸಭೆಯಲ್ಲಿ ಜರ್ಮನ್ ಧ್ವಜದ ಜೊತೆಯಲ್ಲಿ ಪೋಲಿಷ್ ಧ್ವಜವೂ ಹಾರಿತು. ಜರ್ಮನ್ ಕವಿಗಳು ಪೋಲೆಂಡನ್ನು ಕುರಿತು ಬರೆದ ಗೀತೆಗಳು ಒಂದು ಪ್ರತ್ಯೇಕ ಪ್ರಕಾರವೆನಿಸುವಷ್ಟಾದವು. ಆದರೆ ಹದಿನಾರು ವರ್ಷಗಳು ಕಳೆದು, ೧೮೪೮ರಲ್ಲಿ, ಫ್ರಾಂಕ್‌ಫರ್ಟಿನ ಸಂಸತ್ತಿನಲ್ಲಿ ಪೋಜ್ನಾನ್ ಪ್ರಾಂತ ಯಾರದೆಂಬ ಪ್ರಶ್ನೆ ಬಂದಾಗ ವಿಲ್ಹೆಲ್ಮ್ ಯೋರ್ಡಾನ್ ಎಂಬ ಸದಸ್ಯನು ಪರರ ಮೇಲಿನ ಮರುಕವನ್ನು ಬಿಟ್ಟು ಸ್ವಜನಾಂಗದ ಹಿತವನ್ನೇ ನೋಡಬೇಕೆಂದು ವಾದಿಸಿದನು. ಬಹುಮತವೂ ಆ ಕಡೆಗೇ ವಾಲಿತು. ಹಾಡು ಹಾಡುವಾಗ ಪೋಲೆಂಡ್ ಸ್ವಾತಂತ್ರ್ಯದ ಸಂಕೇತವಾಗಿತ್ತು. ನೆಲದ ಮಾತು ಬಂದಾಗ ಅದು ಬರಿಯ ಎದುರುವಾದಿಯಾಯಿತು.

ಫ್ರಾನ್ಸಿನಲ್ಲಿ ನಡೆದದ್ದೂ ಇದೇ. ೧೮೩೧ರ ಸೆಪ್ಟೆಂಬರಿನಲ್ಲಿ ವಾರ್ಸಾ ರಷ್ಯನ್ನರ ವಶವಾದಾಗ ವಿದೇಶಾಂಗ ಮಂತ್ರಿ ಸೆಬಾಸ್ತ್ಯಾನಿ ಸಂಸತ್ತಿನಲ್ಲಿ ಆ ನಗರ ಶಾಂತವಾಗಿದೆಯೆಂದು ತಿಳಿಸಿ ಕೈತೊಳೆದುಕೊಂಡನು. ವ್ಯಂಗ್ಯಚಿತ್ರಕಾರ ಗ್ರಾನ್‌ವಿಲ್ ಅದೇ ಮಾತನ್ನು ಶೀರ್ಷಿಕೆ ಮಾಡಿಕೊಂಡು, ಹೆಣಗಳ ನಡುವೆ ನಿಂತ ಸೈನಿಕನೊಬ್ಬನ ಚಿತ್ರವನ್ನು ಬರೆದನು. ಆ ಶತಮಾನ ಮುಗಿಯುವ ಹೊತ್ತಿಗೆ ಮರುಕವೂ ಸವೆದಿತ್ತು. ಆಲ್ಫ್ರೆಡ್ ಜಾರಿ ೧೮೯೬ರಲ್ಲಿ ತನ್ನ ‘ಊಬು ರಾಜ’ ನಾಟಕವನ್ನು ಪ್ಯಾರಿಸಿನಲ್ಲಿ ಆಡಿಸಿದಾಗ, ಕಥೆ ನಡೆಯುವುದು ಪೋಲೆಂಡಿನಲ್ಲಿ, ಎಂದರೆ ಎಲ್ಲಿಯೂ ಅಲ್ಲ, ಎಂಬರ್ಥದ ಪ್ರಸ್ತಾವನೆಯನ್ನು ತಾನೇ ನುಡಿದನು. ಪ್ರೇಕ್ಷಕರಿಗೆ ಇದು ಚಮತ್ಕಾರ. ವಾರ್ಸಾದಲ್ಲಿ ಬದುಕುತ್ತಿದ್ದವನಿಗೆ ತನ್ನ ವಿಳಾಸವನ್ನೇ ಯಾರೋ ಅಳಿಸಿದಂತೆ.

ಈ ದೃಷ್ಟಿಯ ಮಿತಿಯನ್ನು ಕಲೆಯಾಗಿ ಮಾರ್ಪಡಿಸಿದವನು ಜೋಸೆಫ್ ಕಾನ್ರಾಡ್. ೧೮೫೭ರಲ್ಲಿ ಹುಟ್ಟಿದ ಈತನ ತಂದೆ ಪೋಲಿಷ್ ಕವಿ. ತ್ಸಾರನ ಸರ್ಕಾರ ಆ ಸಂಸಾರವನ್ನು ೧೮೬೨ರಲ್ಲಿ ವೊಲೊಗ್ದಾಕ್ಕೆ ಗಡೀಪಾರು ಮಾಡಿತು. ಇಂಗ್ಲಿಷ್ ಕಾದಂಬರಿಕಾರನೆನಿಸಿದ ಮೇಲೆ ಆತನು ೧೯೧೧ರಲ್ಲಿ ರಷ್ಯನ್ ಕ್ರಾಂತಿಕಾರಿಗಳ ಕಥೆಯೊಂದನ್ನು ಬರೆದು ಅದಕ್ಕೆ ‘ಪಶ್ಚಿಮದ ಕಣ್ಣಿನಲ್ಲಿ’ ಎಂಬರ್ಥದ ಹೆಸರಿಟ್ಟನು. ಕಥೆ ಹೇಳುವವನು ಜಿನೀವಾದಲ್ಲಿ ನೆಲಸಿದ ಇಂಗ್ಲಿಷ್ ಉಪಾಧ್ಯಾಯ. ತನಗೆ ಈ ಜನರ ಮನಸ್ಸು ತಿಳಿಯದೆಂದು ಅವನು ಪದೇ ಪದೇ ಒಪ್ಪಿಕೊಳ್ಳುತ್ತಾನೆ. ಆದರೂ ನಿರ್ಣಯ ಕೊಡುವುದನ್ನು ನಿಲ್ಲಿಸುವುದಿಲ್ಲ. ರಷ್ಯವನ್ನು ಬಾಲ್ಯದಲ್ಲೇ ಮೈಮೇಲೆ ಅನುಭವಿಸಿದ ಪೋಲಿಷ್ ಲೇಖಕನು ಏನೂ ಅನುಭವಿಸದ ನಿರೂಪಕನನ್ನು ಆರಿಸಿಕೊಂಡಿದ್ದರಲ್ಲೇ ಆ ಕೃತಿಯ ವ್ಯಂಗ್ಯವಿದೆ.

೩

ಎರಡನೆಯ ಮಹಾಯುದ್ಧದ ತರುವಾಯ ಪಶ್ಚಿಮದಲ್ಲಿ ಅತ್ಯಂತ ಪ್ರಸಿದ್ಧವಾದ ಪೋಲಿಷ್ ಗ್ರಂಥ ಚೆಸ್ವಾವ್ ಮಿಲೋಷನ ‘ಸೆರೆಸಿಕ್ಕ ಮನಸ್ಸು’. ಮಿಲೋಷ್ ಹೊಸ ಕಮ್ಯೂನಿಸ್ಟ್ ಸರ್ಕಾರದ ರಾಯಭಾರ ಸೇವೆಯಲ್ಲಿದ್ದು, ೧೯೫೧ರಲ್ಲಿ ಪ್ಯಾರಿಸಿನಲ್ಲಿ ಆಶ್ರಯ ಬೇಡಿದನು. ಪುಸ್ತಕ ೧೯೫೩ರಲ್ಲಿ ಹೊರಬಿತ್ತು. ಪಶ್ಚಿಮ ಅದನ್ನು ತನ್ನ ಶೀತಲಸಮರದ ಕೈಪಿಡಿಯಾಗಿ ಓದಿತು. ಪ್ಯಾರಿಸಿನ ಎಡಪಂಥೀಯರಲ್ಲಿ ಅನೇಕರಿಗೆ ಲೇಖಕನು ದ್ರೋಹಿಯಾಗಿ ಕಂಡನು. ಬಲಪಂಥೀಯರಿಗೆ ಅವನು ಬೇಕಾದ ಸಾಕ್ಷಿಯಾದನು. ಆದರೂ ಹಿಂದಿನ ಸರ್ಕಾರೀ ಸೇವೆಯ ನೆಪದಿಂದ ಅಮೆರಿಕ ಅವನಿಗೆ ವರ್ಷಗಟ್ಟಲೆ ಪ್ರವೇಶಪತ್ರವನ್ನೇ ಕೊಡಲಿಲ್ಲ. ಪುಸ್ತಕವನ್ನು ಹೊಗಳಿ, ಬರೆದವನನ್ನು ಬಾಗಿಲಲ್ಲಿ ನಿಲ್ಲಿಸಿದ ಈ ವಿಚಿತ್ರವು ಆ ಓದಿನ ಸ್ವರೂಪವನ್ನು ತೋರಿಸುತ್ತದೆ.

ಗ್ರಂಥವನ್ನು ನಿಧಾನವಾಗಿ ಓದಿದವರಿಗೆ ಅದರ ವಸ್ತು ಬೇರೆಯಾಗಿಯೇ ಕಾಣುತ್ತದೆ. ಅದರ ಕೇಂದ್ರದಲ್ಲಿರುವವರು ನಾಲ್ವರು ಪೋಲಿಷ್ ಲೇಖಕರು. ಅವರಿಗೆ ಗ್ರೀಕ್ ಅಕ್ಷರಗಳ ಹೆಸರಿದ್ದರೂ ನಿಜವಾಗಿ ಯಾರೆಂಬುದು ಪೋಲೆಂಡಿನ ಸಾಹಿತ್ಯವಲಯಕ್ಕೆ ಗುಟ್ಟಾಗಿರಲಿಲ್ಲ. ‘ಬೀಟಾ’ ಎಂಬವನು ತದೇವುಷ್ ಬೊರೋವ್ಸ್ಕಿ. ಆಶ್ವಿಟ್ಸ್‌ನ ಸೆರೆಯಿಂದ ಬದುಕಿ ಬಂದು, ಅಲ್ಲಿನ ನರಕವನ್ನು ಕಣ್ಣೀರಿಲ್ಲದ ಗದ್ಯದಲ್ಲಿ ಕಥೆಯಾಗಿಸಿ, ಆಮೇಲೆ ಹೊಸ ಆಳ್ವಿಕೆಯ ಪ್ರಚಾರಕನಾಗಿ, ೧೯೫೧ರಲ್ಲಿ ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಆತ್ಮಹತ್ಯೆ ಮಾಡಿಕೊಂಡವನು. ಇಂಥವನು ಹೊಸ ಸಿದ್ಧಾಂತಕ್ಕೆ ಏಕೆ ಶರಣಾದನೆಂಬ ಪ್ರಶ್ನೆಗೆ ಲೇಖಕನು ಕೊಡುವ ಉತ್ತರ ಭಯವೊಂದೇ ಅಲ್ಲ. ಯುದ್ಧದಲ್ಲಿ ಎಲ್ಲ ಮೌಲ್ಯಗಳೂ ಕುಸಿದುದನ್ನು ಕಂಡವನಿಗೆ ಯಾವುದಾದರೊಂದು ಅರ್ಥದ ಆಸರೆ ಬೇಕಾಗಿತ್ತು. ಅಂಥ ಕುಸಿತವನ್ನು ಕಾಣದ ಪಶ್ಚಿಮದ ಬುದ್ಧಿಜೀವಿಯ ಬಗೆಗೆ ಗ್ರಂಥದಲ್ಲಿ ಒಂದು ಪ್ರತ್ಯೇಕ ಅಧ್ಯಾಯವೇ ಇದೆ. ಅವನ ಲೋಕ ತಾನಾಗಿಯೇ ಸ್ಥಿರವೆಂಬ ನಂಬಿಕೆಯನ್ನು ಪೂರ್ವದವನು ಎಂಥ ತಾತ್ಸಾರದಿಂದ ನೋಡುತ್ತಾನೆಂಬುದು ಅಲ್ಲಿಯ ವಿಷಯ. ಕೈಪಿಡಿಯಾಗಿ ಓದಿದವರು ಈ ಅಧ್ಯಾಯವನ್ನು ತಮಗಲ್ಲವೆಂಬಂತೆ ದಾಟಿದರು.

ಇನ್ನೊಂದು ಸಂಗತಿ. ಗ್ರಂಥದಲ್ಲಿ ‘ಕೆಟ್‌ಮನ್’ ಎಂಬ ಪರಿಕಲ್ಪನೆ ಬರುತ್ತದೆ. ಹೊರಗೆ ಒಪ್ಪಿದಂತೆ ನಟಿಸಿ, ಒಳಗೆ ಬೇರೆಯದನ್ನೇ ಪಾಲಿಸಿ, ಆ ಬಚ್ಚಿಡುವ ಜಾಣ್ಮೆಯಲ್ಲೇ ಹೆಮ್ಮೆ ಪಡುವ ನಡವಳಿಕೆ ಅದು. ಗೋಬಿನೋ ಎಂಬ ಫ್ರೆಂಚ್ ಲೇಖಕನು ಪರ್ಷಿಯಾದ ಬಗೆಗೆ ಬರೆದುದರಿಂದ ಎರವಲು ತಂದದ್ದು. ಪಶ್ಚಿಮ ಇದನ್ನು ಪ್ರಮಾಣವೆಂದೇ ಸ್ವೀಕರಿಸಿತು. ಪೋಲಿಷರಲ್ಲಿ ಮಾತ್ರ ಇದರ ಮೇಲೆ ದೊಡ್ಡ ವಾದವಾಯಿತು. ಸೋವಿಯತ್ ಶ್ರಮಶಿಬಿರದ ಅನುಭವವನ್ನು ಬರೆದ ಗುಸ್ತಾವ್ ಹೆರ್ಲಿಂಗ್-ಗ್ರುಜಿನ್ಸ್ಕಿಗೆ ಈ ವಿವರಣೆ ಅತಿ ನಾಜೂಕಾಗಿ ಕಂಡಿತು. ಅಂಜಿಕೆಗೂ ಅನುಕೂಲಕ್ಕೂ ಇಷ್ಟು ಅಲಂಕಾರದ ತತ್ತ್ವ ಬೇಡವೆಂಬುದು ಆತನ ಆಕ್ಷೇಪದ ಸಾರ. ಪೋಲಿಷರಿಗೆ ಇದು ತಮ್ಮ ಸ್ನೇಹಿತರ ಪಾಪಪುಣ್ಯಗಳ ಲೆಕ್ಕವಾಗಿತ್ತು. ಹೊರಗಿನವರಿಗೆ ಅದು ಎದುರಾಳಿಯ ಮನಶ್ಶಾಸ್ತ್ರ. ಮುಂದೆ ೨೦೧೦ರಲ್ಲಿ ಇತಿಹಾಸಕಾರ ಟೋನಿ ಜಟ್ ಈ ಗ್ರಂಥವನ್ನು ಮತ್ತೆ ಕೈಗೆತ್ತಿಕೊಂಡು, ಮಾರುಕಟ್ಟೆಯೇ ಅನಿವಾರ್ಯ ನಿಯತಿಯೆಂದು ನಂಬಿದ ತನ್ನ ಕಾಲದ ಪಶ್ಚಿಮದ ಮನಸ್ಸೂ ಸೆರೆಯಲ್ಲಿದೆಯೆಂದು ತೋರಿಸಿದನು. ಐವತ್ತೇಳು ವರ್ಷ ತಡವಾಗಿಯಾದರೂ ಆ ಅಧ್ಯಾಯವು ಉದ್ದೇಶಿತ ಓದುಗನನ್ನು ತಲಪಿತೆನ್ನಬಹುದು.

೪

ಪ್ರತಿಧ್ವನಿ ಅತ್ಯಂತ ದೊಡ್ಡದಾಗಿ ಕೇಳಿಸಿದ ಕಾಲ ೧೯೮೦ರ ದಶಕ. ಗ್ದಾನ್ಸ್ಕ್ ಬಂದರಿನ ಹಡಗುಕಟ್ಟೆಯ ಕಾರ್ಮಿಕರು ೧೯೮೦ರ ಆಗಸ್ಟ್ ೩೧ರಂದು ಸರ್ಕಾರದಿಂದ ಒಪ್ಪಂದ ಪಡೆದು, ‘ಸಾಲಿಡಾರಿಟಿ’ ಎಂಬ ಸ್ವತಂತ್ರ ಕಾರ್ಮಿಕ ಸಂಘಕ್ಕೆ ದಾರಿ ಮಾಡಿದರು. ೧೯೮೧ರ ಡಿಸೆಂಬರ್ ೧೩ರಂದು ಜನರಲ್ ಯಾರುಜೆಲ್ಸ್ಕಿ ಸೇನಾಶಾಸನವನ್ನು ಹೇರಿದನು. ತಾವೇನೂ ಮಾಡುವುದಿಲ್ಲವೆಂದು ಫ್ರಾನ್ಸಿನ ವಿದೇಶಾಂಗ ಮಂತ್ರಿ ಕ್ಲೋದ್ ಶೇಸೋನ್ ತಕ್ಷಣವೇ ಸಾರಿದನು. ಸೆಬಾಸ್ತ್ಯಾನಿಯ ಮಾತಿಗೆ ಆಗ ನೂರೈವತ್ತು ವರ್ಷ ತುಂಬಿತ್ತು. ಫುಕೋ, ಬೂರ್ದ್ಯು ಮೊದಲಾದ ವಿದ್ವಾಂಸರು ಬಹಿರಂಗವಾಗಿ ಪ್ರತಿಭಟಿಸಿದರು.

ಅಮೆರಿಕದಲ್ಲಿ ಅಧ್ಯಕ್ಷ ರೇಗನ್ ಪೋಲಿಷ್ ಕಾರ್ಮಿಕರಿಗಾಗಿ ಕಿಟಕಿಯಲ್ಲಿ ದೀಪ ಹಚ್ಚಿರೆಂದು ಪ್ರಜೆಗಳಿಗೆ ಕರೆಯಿತ್ತನು. ಅದೇ ವರ್ಷದ ಆಗಸ್ಟಿನಲ್ಲಿ, ಮುಷ್ಕರ ಹೂಡಿದ ತನ್ನ ದೇಶದ ಹನ್ನೊಂದು ಸಾವಿರಕ್ಕೂ ಹೆಚ್ಚು ವಿಮಾನಸಂಚಾರ ನಿಯಂತ್ರಕರನ್ನು ಆತನೇ ಕೆಲಸದಿಂದ ತೆಗೆದಿದ್ದನು. ಬ್ರಿಟನ್ನಿನ ಗಣಿಕಾರ್ಮಿಕರ ನಾಯಕ ಆರ್ಥರ್ ಸ್ಕಾರ್ಗಿಲ್ ೧೯೮೩ರಲ್ಲಿ ಸಾಲಿಡಾರಿಟಿಯನ್ನು ಸಮಾಜವಾದದ ವಿರೋಧಿಯೆಂದು ಖಂಡಿಸಿದನು. ಮರುವರ್ಷ ತನ್ನವರು ದೀರ್ಘ ಮುಷ್ಕರಕ್ಕಿಳಿದಾಗ, ಯಾರುಜೆಲ್ಸ್ಕಿಯ ಪೋಲೆಂಡಿನ ಕಲ್ಲಿದ್ದಲು ಬ್ರಿಟನ್ನಿನ ಬಂದರುಗಳಲ್ಲಿ ಇಳಿಯುತ್ತಿತ್ತು. ಹೊಗಳಿದವನಿಗೆ ಬೇಕಾಗಿದ್ದುದು ಕಮ್ಯೂನಿಸಂ ವಿರೋಧ, ಸಂಘದ ಹಕ್ಕಲ್ಲ. ತೆಗಳಿದವನಿಗೆ ಬೇಕಾಗಿದ್ದುದು ಸಮಾಜವಾದದ ಹೆಸರು, ಕಾರ್ಮಿಕನಲ್ಲ. ಕ್ರೇನಿನ ಮೇಲೆ ಕುಳಿತು ದುಡಿಯುತ್ತಿದ್ದ ಗ್ದಾನ್ಸ್ಕ್‌ನ ಹೆಂಗಸಿನ ಮಾತು ಇಬ್ಬರಿಗೂ ಅನಾವಶ್ಯಕವಾಗಿತ್ತು.

ಈ ಕಾಲದ ಭಾವುಕತೆಯನ್ನು ಅಳೆಯುವುದಕ್ಕೆ ಭಾಷಣಗಳಿಗಿಂತ ಸಾಲದ ಖಾತೆ ಉತ್ತಮ ಸಾಧನ. ೧೯೭೦ರ ದಶಕದಲ್ಲಿ ಗೀರೆಕನ ಸರ್ಕಾರ ಕೈಗಾರಿಕೆಗಳಿಗೆಂದು ಪಶ್ಚಿಮದಿಂದ ಧಾರಾಳವಾಗಿ ಸಾಲ ತಂದಿತು. ಕೊಡುವವರೂ ಧಾರಾಳವಾಗಿಯೇ ಕೊಟ್ಟರು. ೧೯೮೧ರ ಹೊತ್ತಿಗೆ ಅದು ಸುಮಾರು ೨,೫೦೦ ಕೋಟಿ ಡಾಲರುಗಳಷ್ಟಾಗಿ ಕಂತು ಕಟ್ಟುವುದು ಅಸಾಧ್ಯವಾಯಿತು. ಸೇನಾಶಾಸನ ಬಂದ ಮೇಲೆ ಪೋಲೆಂಡನ್ನು ಸುಸ್ತಿದಾರನೆಂದು ಘೋಷಿಸಬೇಕೆಂದು ವಾಷಿಂಗ್‌ಟನ್ನಿನಲ್ಲಿ ಕೆಲವರು ಒತ್ತಾಯಿಸಿದರು. ಸರ್ಕಾರ ಹಾಗೆ ಮಾಡಲಿಲ್ಲ; ತಾನು ಜಾಮೀನು ನಿಂತಿದ್ದ ಸಾಲಗಳ ಬಾಕಿಯನ್ನು ೧೯೮೨ರ ಆರಂಭದಲ್ಲಿ ಸ್ವದೇಶದ ಬ್ಯಾಂಕುಗಳಿಗೆ ತಾನೇ ತೆತ್ತಿತು. ಸುಸ್ತಿಯೆಂದು ಒಮ್ಮೆ ಬರೆದರೆ ನಷ್ಟವನ್ನು ಸಾಲಗಾರನಷ್ಟೇ ಅಲ್ಲ, ಸಾಲ ಕೊಟ್ಟವನೂ ತನ್ನ ಪುಸ್ತಕದಲ್ಲಿ ತೋರಿಸಬೇಕಾಗುತ್ತದೆ. ಪೋಲೆಂಡಿನ ಪರವಾದ ದೂರದರ್ಶನ ಕಾರ್ಯಕ್ರಮವೊಂದನ್ನು ಅಮೆರಿಕ ಸರ್ಕಾರ ಲೋಕಕ್ಕೆಲ್ಲ ಬಿತ್ತರಿಸಿದ್ದೂ ಅದೇ ದಿನಗಳಲ್ಲಿ. ಈ ವ್ಯವಹಾರವನ್ನು ಅಧರ್ಮವೆನ್ನಬೇಕಾಗಿಲ್ಲ; ಬ್ಯಾಂಕು ಕುಸಿದರೆ ಠೇವಣಿದಾರನಿಗೂ ಕಷ್ಟವೇ. ಆದರೆ ಕಿಟಕಿಯ ದೀಪ ಮತ್ತು ಖಾತೆಯ ಪುಟ ಬೇರೆ ಬೇರೆ ಮಾತಾಡುತ್ತಿದ್ದವೆಂಬುದನ್ನು ಇತಿಹಾಸ ಮರೆಯಬಾರದು.

೫

ಇದೇ ಗದ್ದಲದ ನಡುವೆ ಆಂದ್ಜೇ ವಾಯ್ದಾನ ‘ದಾಂತೋಂ’ ಚಿತ್ರ ೧೯೮೩ರ ಜನವರಿಯಲ್ಲಿ ಪ್ಯಾರಿಸಿನಲ್ಲಿ ತೆರೆಕಂಡಿತು. ಫ್ರೆಂಚ್ ಕ್ರಾಂತಿಯ ಇಬ್ಬರು ನಾಯಕರಾದ ದಾಂತೋಂ ಮತ್ತು ರೋಬೆಸ್ಪಿಯೇರರ ನಡುವೆ ೧೭೯೪ರಲ್ಲಿ ನಡೆದ ಸಂಘರ್ಷ ಇದರ ವಸ್ತು. ನಿರ್ಮಾಣಕ್ಕೆ ಫ್ರೆಂಚ್ ಸರ್ಕಾರದ ನೆರವಿತ್ತು. ದಾಂತೋಂನ ಪಾತ್ರ ಫ್ರೆಂಚ್ ನಟ ದಪಾರ್ಡ್ಯುವಿನದು. ರೋಬೆಸ್ಪಿಯೇರನ ಪಾತ್ರ ಪೋಲಿಷ್ ನಟ ಪ್ಶೋನ್ಯಾಕನದು. ತಕ್ಷಣವೇ ಒಂದು ಸಮೀಕರಣ ಹುಟ್ಟಿಕೊಂಡಿತು: ದಾಂತೋಂ ಎಂದರೆ ಸಾಲಿಡಾರಿಟಿಯ ನಾಯಕ ವಲೇಸಾ, ರೋಬೆಸ್ಪಿಯೇರ್ ಎಂದರೆ ಯಾರುಜೆಲ್ಸ್ಕಿ. ಬಲಪಂಥೀಯರು ಹಿಗ್ಗಿದರು. ಕ್ರಾಂತಿಯ ವಾರಸುದಾರರೆಂದು ತಮ್ಮನ್ನು ಎಣಿಸಿಕೊಂಡಿದ್ದ ಸಮಾಜವಾದಿಗಳು ಸಿಟ್ಟಾದರು. ಕೊಟ್ಟ ಹಣಕ್ಕೆ ಬಂದ ಪ್ರತಿಫಲ ಇದೇ ಎಂಬ ಅಸಮಾಧಾನ ಸರ್ಕಾರದ ವಲಯದಲ್ಲಿಯೂ ಇತ್ತು. ಇತಿಹಾಸಕಾರ ರಾಬರ್ಟ್ ಡಾರ್ನ್‌ಟನ್ ೧೯೮೪ರಲ್ಲಿ ಈ ವಿವಾದವನ್ನು ವಿಶ್ಲೇಷಿಸಿ, ಒಂದೇ ಚಿತ್ರ ಪ್ಯಾರಿಸಿನಲ್ಲಿ ಒಂದು ಅರ್ಥವನ್ನೂ ವಾರ್ಸಾದಲ್ಲಿ ಇನ್ನೊಂದನ್ನೂ ಕೊಡುವ ಬಗೆಯನ್ನು ತೋರಿಸಿದನು.

ಸಮೀಕರಣ ನಿಲ್ಲುವುದಿಲ್ಲವೆಂಬುದಕ್ಕೆ ಒಂದು ದಿನಾಂಕವೇ ಸಾಕು. ಚಿತ್ರಕ್ಕೆ ಮೂಲವಾದ ನಾಟಕವನ್ನು ಸ್ತಾನಿಸ್ಲಾವಾ ಪ್ಶಿಬಿಷೆವ್ಸ್ಕಾ ಎಂಬ ಲೇಖಕಿ ೧೯೨೯ರಲ್ಲಿ ಬರೆದಳು. ಬಡತನದಲ್ಲಿ ೧೯೩೫ರಲ್ಲಿ ತೀರಿಕೊಂಡ ಆಕೆ ರೋಬೆಸ್ಪಿಯೇರನ ಆರಾಧಕಿ. ವಾಯ್ದಾ ಅದೇ ನಾಟಕವನ್ನು ವಾರ್ಸಾದ ರಂಗಭೂಮಿಯಲ್ಲಿ ಪ್ರಯೋಗಿಸಿದ್ದು ೧೯೭೫ರಲ್ಲಿ. ಆಗಲೂ ರೋಬೆಸ್ಪಿಯೇರ್ ಪ್ಶೋನ್ಯಾಕನೇ. ಸಾಲಿಡಾರಿಟಿ ಹುಟ್ಟುವುದಕ್ಕೆ ಇನ್ನೂ ಐದು ವರ್ಷಗಳಿದ್ದವು. ಹೋಲಿಕೆ ಚಿತ್ರದ ಕಾಲದಲ್ಲಿ ಬಂದು ಕೂಡಿಕೊಂಡಿತು. ಪ್ರಶ್ನೆ ಅದಕ್ಕಿಂತ ಹಳೆಯದು.

ಆ ಪ್ರಶ್ನೆ ಯಾವುದು? ಚಿತ್ರದ ಆದಿಯಲ್ಲಿ ಒಬ್ಬ ಹುಡುಗನಿಗೆ ಮಾನವ ಹಕ್ಕುಗಳ ಘೋಷಣೆಯನ್ನು ಬಾಯಿಪಾಠ ಮಾಡಿಸುತ್ತಿದ್ದಾರೆ. ತಪ್ಪಿದಾಗ ಏಟು ಬೀಳುತ್ತದೆ. ಅಂತ್ಯದಲ್ಲಿ ದಾಂತೋಂನ ತಲೆ ಬಿದ್ದ ಮೇಲೆ, ಜ್ವರದಿಂದ ಮಲಗಿದ ರೋಬೆಸ್ಪಿಯೇರನ ಎದುರಿಗೆ ಆ ಹುಡುಗನು ಅದನ್ನೇ ತಡವರಿಸದೆ ಒಪ್ಪಿಸುತ್ತಾನೆ. ಸೇನಾಶಾಸನವನ್ನು ಮಾತ್ರ ನೆನೆಯುವವನಿಗೆ ಈ ದೃಶ್ಯ ದಬ್ಬಾಳಿಕೆಯ ಚಿತ್ರವಾಗಿ ಮುಗಿಯುತ್ತದೆ. ಪೋಲೆಂಡಿನ ಇತಿಹಾಸವನ್ನು ನೆನೆಯುವವನಿಗೆ ಬೇರೊಂದು ಅರ್ಥ ಹೊಳೆಯುತ್ತದೆ. ೧೭೯೧ರ ಮೇ ೩ರಂದು, ಫ್ರಾನ್ಸಿನ ಸಂವಿಧಾನಕ್ಕೆ ನಾಲ್ಕು ತಿಂಗಳು ಮೊದಲೇ, ಪೋಲೆಂಡ್ ಲಿಖಿತ ಸಂವಿಧಾನವನ್ನು ಮಾಡಿಕೊಂಡಿತ್ತು. ಫ್ರಾನ್ಸ್ ತಮ್ಮನ್ನು ಬಿಡಿಸುವುದೆಂದು ನಂಬಿ ಪೋಲಿಷ್ ದಳಗಳು ನೆಪೋಲಿಯನ್ನನಿಗಾಗಿ ಹೋರಾಡಿದವು. ಅವನ ಹೆಸರು ಪೋಲೆಂಡಿನ ರಾಷ್ಟ್ರಗೀತೆಯಲ್ಲಿ ಇಂದಿಗೂ ಇದೆ. ಅದೇ ದಳಗಳಲ್ಲಿ ಸಾವಿರಾರು ಮಂದಿಯನ್ನು ಫ್ರಾನ್ಸ್ ೧೮೦೨-೦೩ರಲ್ಲಿ ಸೇಂಟ್-ಡೊಮಿಂಗ್ ದ್ವೀಪಕ್ಕೆ, ಬಿಡುಗಡೆಗಾಗಿ ದಂಗೆಯೆದ್ದ ಗುಲಾಮರನ್ನು ಹತ್ತಿಕ್ಕಲು, ಕಳುಹಿಸಿತು. ಹೀಗೆ ನೋಡಿದರೆ ಆ ಹುಡುಗನೇ ಪೋಲೆಂಡ್. ಗುರುವಿನಿಂದ ಪಾಠ ಕಲಿತು, ಏಟು ತಿಂದು, ಅಕ್ಷರ ತಪ್ಪದೆ ಒಪ್ಪಿಸಿ, ಹಾಸಿಗೆ ಹಿಡಿದ ಗುರುವಿನ ಮುಖವನ್ನು ನೋಡುತ್ತಿರುವ ಶಿಷ್ಯ. ನೀವು ಕಲಿಸಿದ್ದನ್ನು ನೀವು ನಂಬಿದ್ದಿರೇ ಎಂಬುದು ಅವನು ಬಾಯಿಬಿಟ್ಟು ಕೇಳದ ಪ್ರಶ್ನೆ. ಪ್ಯಾರಿಸಿನ ಎಡಬಲಗಳೆರಡೂ ಈ ಪ್ರಶ್ನೆಯನ್ನು ಬಿಟ್ಟು, ಶಿಷ್ಯನು ಯಾವ ಪಕ್ಷದವನೆಂದು ಜಗಳವಾಡಿದವು.

೬

ತಪ್ಪು ಒಂದೇ ಕಡೆಯದೆಂದು ಹೇಳಿದರೆ ವಿಮರ್ಶೆ ಪಕ್ಷಪಾತವಾದೀತು. ತನ್ನ ನಾಡು ಸಂಕೇತವಾಗಬೇಕೆಂದು ಮೊದಲು ಬಯಸಿದವನು ಮಿಟ್ಸ್ಕ್ಯೇವಿಚನೇ. ಪೋಲೆಂಡ್ ಜನಾಂಗಗಳ ನಡುವಣ ಕ್ರಿಸ್ತ, ಅದರ ಯಾತನೆಯಿಂದ ಎಲ್ಲರಿಗೂ ಬಿಡುಗಡೆ ಎಂಬ ಭಾವನೆಯನ್ನು ಆತನು ೧೮೩೨ರಲ್ಲಿ ಗದ್ಯಗ್ರಂಥವಾಗಿಯೇ ಬರೆದನು. ತನ್ನನ್ನು ತಾನು ರೂಪಕವಾಗಿಸಿಕೊಂಡವನನ್ನು ಲೋಕವೂ ರೂಪಕವಾಗಿ ಕಂಡರೆ ದೂರುವುದು ಕಷ್ಟ. ಅರ್ಜೆಂಟೀನಾದಲ್ಲಿ ನೆಲಸಿದ್ದ ವಿಟೋಲ್ಡ್ ಗೊಂಬ್ರೋವಿಚ್ ೧೯೫೩ರ ತನ್ನ ‘ಟ್ರಾನ್ಸ್-ಅಟ್ಲಾಂಟಿಕ್’ ಕಾದಂಬರಿಯಲ್ಲಿ ಈ ಪವಿತ್ರ ಭಂಗಿಯನ್ನು ನಿರ್ದಾಕ್ಷಿಣ್ಯವಾಗಿ ಗೇಲಿಮಾಡಿದನು. ಓಲ್ಗಾ ತೊಕಾರ್ಚುಕ್ ೨೦೧೪ರಲ್ಲಿ ಬರೆದ ‘ಯಾಕೂಬನ ಪುಸ್ತಕಗಳು’ ಹದಿನೆಂಟನೆಯ ಶತಮಾನದ ಯಹೂದಿ ಪಂಥವೊಂದರ ಕಥೆಯನ್ನು ಹೇಳಿ, ಪೋಲೆಂಡಿನೊಳಗೆ ಅನೇಕ ಮತ, ಅನೇಕ ಭಾಷೆಗಳಿದ್ದುದನ್ನು ನೆನಪಿಗೆ ತಂದಿತು; ಸ್ವದೇಶದ ಕೆಲವರಿಗೆ ಅದೇ ಸಿಟ್ಟಿಗೆ ಕಾರಣವಾಯಿತು. ಮಿಟ್ಸ್ಕ್ಯೇವಿಚನ ಮಹಾಕಾವ್ಯವೂ ಆರಂಭವಾಗುವುದು ಲಿಥುವೇನಿಯಾದ ಸಂಬೋಧನೆಯಿಂದ. ಪ್ರತಿಧ್ವನಿಗೆ ಒಂದೇ ಸ್ವರ ಸಾಕು. ಧ್ವನಿಯಲ್ಲಿ ಹಲವು ಸ್ವರಗಳಿರುತ್ತವೆ.

ಪ್ರತಿಧ್ವನಿ ನಿಷ್ಫಲವೆಂದೂ ಹೇಳಲಾಗದು. ೧೮೬೩ರ ಪೋಲಿಷ್ ದಂಗೆಯ ಪರವಾಗಿ ಲಂಡನ್ನಿನಲ್ಲಿ ಸೇರಿದ ಆಂಗ್ಲ, ಫ್ರೆಂಚ್ ಕಾರ್ಮಿಕರ ಸ್ನೇಹದಿಂದಲೇ ಮರುವರ್ಷದ ಅಂತರರಾಷ್ಟ್ರೀಯ ಕಾರ್ಮಿಕ ಸಂಘ ಬೆಳೆದುಬಂದಿತು. ವಲೇಸಾನಿಗೆ ೧೯೮೩ರಲ್ಲಿ ಬಂದ ನೊಬೆಲ್ ಶಾಂತಿ ಪಾರಿತೋಷಕ ಅವನ ಸಂಘಕ್ಕೆ ರಕ್ಷೆಯಾಯಿತು. ಸೇನಾಶಾಸನದ ಚಳಿಗಾಲಗಳಲ್ಲಿ ಪಶ್ಚಿಮ ಜರ್ಮನಿಯ ಸಾಮಾನ್ಯ ಗೃಹಸ್ಥರು ಆಹಾರ, ಬಟ್ಟೆಗಳ ಲಕ್ಷಾಂತರ ಪೊಟ್ಟಣಗಳನ್ನು ಅಂಚೆಯಲ್ಲಿ ಕಳುಹಿಸಿದರು. ಯುದ್ಧಕಾಲದ ಕ್ರೌರ್ಯವನ್ನು ನೆನೆದರೆ ಇದು ಸಣ್ಣ ಮಾತಲ್ಲ. ಪೊಟ್ಟಣ ಕಟ್ಟಿದವನಿಗೆ ಪೋಲೆಂಡ್ ರೂಪಕವಾಗಿರಲಿಲ್ಲ. ಅದು ಒಂದು ಮನೆಯ ವಿಳಾಸವಾಗಿತ್ತು.

ಹಳೆಯ ಅಭ್ಯಾಸ ಮಾತ್ರ ಬಿಟ್ಟಿಲ್ಲ. ೨೦೧೭ರ ಜುಲೈ ೬ರಂದು ಅಮೆರಿಕದ ಅಧ್ಯಕ್ಷ ಟ್ರಂಪ್, ವಾರ್ಸಾದಲ್ಲಿ ೧೯೪೪ರ ದಂಗೆಯ ಸ್ಮಾರಕದೆದುರು ನಿಂತು, ಆ ಬಲಿದಾನವನ್ನು ಪಶ್ಚಿಮ ನಾಗರಿಕತೆಯ ಉಳಿವಿನ ಇಚ್ಛೆಗೆ ದೃಷ್ಟಾಂತವಾಗಿಸಿದನು. ೨೦೨೩ರ ಅಕ್ಟೋಬರಿನ ಚುನಾವಣೆಯಲ್ಲಿ ಅಲ್ಲಿನ ಬಲಪಂಥೀಯ ಸರ್ಕಾರ ಬಹುಮತ ಕಳೆದುಕೊಂಡಾಗ, ಪಶ್ಚಿಮದ ಉದಾರವಾದಿಗಳು ಅದನ್ನು ತಮ್ಮ ದೇಶದ ಕದನಕ್ಕೆ ಶುಭಶಕುನವಾಗಿ ಓದಿದರು. ವಕ್ತಾರರು ಬದಲಾದರು, ಕಿವಿ ಬದಲಾಗಲಿಲ್ಲ.

ಇಂಗ್ಲಿಷಿನ ಕಿಟಕಿಯಿಂದ ಲೋಕಸಾಹಿತ್ಯವನ್ನು ನೋಡುವ ಕನ್ನಡ ಓದುಗನು ಆ ಕಿಟಕಿಯನ್ನು ಒಡೆಯಬೇಕಾಗಿಲ್ಲ. ಅದರ ಗಾಜಿಗೆ ಬಣ್ಣವಿದೆಯೆಂಬುದನ್ನು ಅರಿತಿದ್ದರೆ ಸಾಕು. ಮಿಲೋಷನನ್ನು ಓದುವಾಗ ಬೊರೋವ್ಸ್ಕಿಯನ್ನೂ ಹೆರ್ಲಿಂಗನನ್ನೂ ಪಕ್ಕದಲ್ಲಿಟ್ಟುಕೊಳ್ಳುವುದು, ವಾಯ್ದಾನನ್ನು ನೋಡುವಾಗ ೧೭೯೧ನ್ನೂ ೧೯೭೫ನ್ನೂ ನೆನೆಯುವುದು, ಪೀಠಿಕೆಯ ಹೊಗಳಿಕೆಯನ್ನು ಕೊನೆಗೆ ಓದುವುದು — ಇವು ಸಣ್ಣ ಶಿಸ್ತುಗಳು. ಆಡಿದವನು ಯಾರೆಂದು ಮೊದಲು ಕೇಳಬೇಕೆಂಬ ಆಲಂಕಾರಿಕರ ನಿಯಮವನ್ನು ಅವು ಬಿಟ್ಟುಹೋಗುವುದಿಲ್ಲ. ಪರರ ನೋವನ್ನು ತನ್ನ ವಾದಕ್ಕೆ ಸಾಕ್ಷಿಯಾಗಿ ಕರೆಯುವುದು ಸುಲಭ. ಆ ಸಾಕ್ಷಿ ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳುವ ತಾಳ್ಮೆಯೇ ಸಹೃದಯತೆ.